ಕೈಗವಸು ತೆಗೆದ ಕೈ

ಮೇಷ್ಟ್ರ ಕೋಟು ಇಸ್ತ್ರಿಯಾಗಲೆಂದು ಅವರ ಜೊತೆ ಕಾಯುತ್ತ ನಿಂತಿದ್ದ ಹಳೆಯ ಶಿಷ್ಯೆಯ ದನಿ, ಇಸ್ತ್ರಿಯವನಿಗೆ ತನ್ನ ಪೆಟ್ಟಿಗೆಗಿಂತ ಬಿಸಿ ಎನಿಸಿತು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

“ಉಪಗ್ರಹದೊಳಗೆ ಎರಡು ಲೋಹದ ತುಂಡು. ಎರಡೂ ಒಂದೇ ಥರ ಬೀಳಬೇಕಿತ್ತು. ಒಂದು ಚೂರೇ ಚೂರು ಆಚೀಚೆ ಆಯ್ತು ಅಂತ, ಗುರುತ್ವದ ನಿಯಮಾನೇ ತಪ್ಪು ಅಂತ ನಾಳೆ ಲೋಕಕ್ಕೆಲ್ಲ ಸಾರೋಕೆ ಹೊರಟಿದ್ವಿ. ಈಗ ಹೇಳ್ತಿದೀರಲ್ಲ, ಆ ತುಂಡನ್ನ ಬರಿಗೈಲಿ ಮುಟ್ಟಿದ್ದೆ ಅಂತ!”

“ಮುಚ್ಚಳ ಹಾಕೋ ಮುಂಚೆ, ಒಂದೇ ಸಲ ಕಣಮ್ಮಾ. ಇನ್ನು ಕೈಗೆ ಸಿಗಲ್ವಲ್ಲ ಅನ್ನಿಸ್ತು.”

“ಬೆರಳಿನ ಜಿಡ್ಡು ಆವಿಯಾಗ್ತಾ ತುಂಡನ್ನ ತಳ್ಳುತ್ತೆ ಅಂತ ನನಗೆ ಪಾಠ ಹೇಳಿದ್ದು ಯಾರು?”

“ನಾನೇ.”

“ಮತ್ತೆ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ನೀನು ಅಷ್ಟು ಖುಷಿಯಾಗಿದ್ದೆ.”

“ನನ್ನ ಖುಷಿ ಕಟ್ಕೊಂಡು ಏನಾಗಬೇಕು ಸಾರ್? ಈಗ ಬಟ್ಟೆ ಹಿಡ್ಕೊಂಡು ಒರೆಸೋಕೆ ಮೇಲಕ್ಕೆ ಹೋಗ್ತೀರಾ?”

“ನಾಳೆ ನಾನೇ ಎದ್ದು ನಿಂತು ಹೇಳ್ತೀನಿ.”

“ಹೇಳಲೇಬೇಕು.”

ಇಸ್ತ್ರಿಯವನು ಕೋಟನ್ನು ಹ್ಯಾಂಗರಿಗೆ ಹಾಕಿ ಮುಂದೆ ಹಿಡಿದ. ಮೇಷ್ಟ್ರು ಕೈ ಚಾಚಿದರು.

“ಮುಟ್ಟಬೇಡಿ!”

ಅವಳೇ ಕೋಟನ್ನು ಕಿತ್ತುಕೊಂಡು ಮೆಟ್ಟಿಲಿಳಿದಳು. ಮೇಷ್ಟ್ರು ಚಾಚಿದ ಕೈಯನ್ನು ಜೇಬಿಗಿಳಿಸಿ ಅವಳ ಹಿಂದೆ ನಡೆದರು.