ಇನ್ನಿಬ್ಬರು ಬರಬೇಕಿತ್ತು

ತುಮಕೂರಿನ ಆಸ್ಪತ್ರೆ ಗೇಟಿನ ಬಳಿ ಆಶಾರಾಣಿ ಮೊಬೈಲಿನಲ್ಲಿ ಕರೆಸಿದ್ದ ಕಾರಿಗೆ ಕಾಯುತ್ತಿದ್ದಳು. ಪಕ್ಕದ ಕಟ್ಟೆಯ ಮೇಲೆ ತಾಯಿ ಮಗಳು ಕೂತಿದ್ದರು. ತಾಯಿಯ ಮಡಿಲಲ್ಲಿ ಗಂಡಸರ ಚಪ್ಪಲಿಗಳಿದ್ದವು.

“ನಮ್ಮೂರು ಕಡಬಕ್ಕೆ ಬರ್ಬೇಕು ಅಂದ ತಕ್ಷಣ ನಾನು ಬುಕ್ ಮಾಡಿದ ಕಾರಿನವನು ಕ್ಯಾನ್ಸಲ್ ಮಾಡ್ಬಿಟ್ಟ ಕಣಮ್ಮ,” ಅಂದಳು ಮಗಳು.

“ಅದ್ಕೇ ಶೇರ್ ಆಟೋ ಹತ್ತಿದ್ವಿ.”

“ಎದೆನೋವು ಅಂದ್ರೂ ಹೊರಡ್ಲಿಲ್ವಾ ಆಟೋದವ್ನು?”

“ನಿಮ್ಮಪ್ಪ ಹೇಳಕ್ಕೇ ಬುಡ್ನಿಲ್ಲ. ಇನ್ನಿಬ್ರು ಬರ್ಲಿ, ಗಾಡಿ ತುಂಬ್ದೆ ಹೋದ್ರೆ ಪಾಪ ಅವ್ನಿಗೇನು ಗಿಟ್ಟುತ್ತೆ ಅಂದ್ರು.”

“ಬಂದ್ರಾ?”

“ಬಂದ್ರು. ಅಷ್ಟೊತ್ಗೆ ನಿಮ್ಮಪ್ಪ ನನ್ನ ಭುಜಕ್ಕೆ ಒರಗಿದ್ರು. ನಿದ್ದೆ ಹತ್ತೈತೆ ಅಂತ ಎಲ್ರೂ ಸರ್ಕೊಂಡು ಜಾಗ ಕೊಟ್ರು.”

ಆಶಾರಾಣಿಯ ಕಾರು ಬಂತು. ಮೂವರು ಕೂರುವ ಹಿಂದಿನ ಸೀಟಿನಲ್ಲಿ ಅವಳೊಬ್ಬಳೇ ಕೂತಳು. ತಾಯಿ ಮಗಳು ಚಪ್ಪಲಿ ಹಿಡಿದುಕೊಂಡು ಶವಾಗಾರದ ಕಡೆ ನಡೆದರು.