ಜೇಬಿನಲ್ಲಿದ್ದೂ ರಿಂಗಾಗದ ಫೋನಿನ ಬಗ್ಗೆ

ನಾನು, ಎಲ್ಲರೂ ಲಿಫ್ಟಣ್ಣ ಎಂದು ಕರೆಯುವವನು, ವಯಸ್ಸು 46 ವರ್ಷ, ಕೆಲಸ ಲಿಫ್ಟ್ ರಿಪೇರಿ, ವಾಸ ಹಳೇ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಇಸ್ತ್ರಿ ಅಂಗಡಿಯ ಮೇಲಿನ ಮನೆ, ಈ ದಿನ ಬೆಳಿಗ್ಗೆ 11.40ಕ್ಕೆ ಠಾಣೆಗೆ ಹಾಜರಾಗಿ, ಹೆಂಡತಿಯ ಒತ್ತಾಯ ಬಿಟ್ಟರೆ ಬೇರಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ:

ನಾನು 22 ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಈಗ ಒಂಬತ್ತು ಕಟ್ಟಡಗಳ ಲಿಫ್ಟ್ ನೋಡಿಕೊಳ್ಳುತ್ತೇನೆ. ಒಳಗೆ ಸಿಕ್ಕಿಕೊಂಡವರು ಕರೆ ಮಾಡಲಿ ಎಂದು ಪ್ರತಿ ಲಿಫ್ಟಿನೊಳಗೂ ನನ್ನ ನಂಬರನ್ನು ನನ್ನ ಕೈಯಿಂದಲೇ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ. ಊಟದ ನಡುವೆಯೂ ಎಡಗೈಯಲ್ಲಿ ಫೋನ್ ಎತ್ತುವವನು ನಾನು.

ಇದೇ ತಿಂಗಳು 4ನೇ ತಾರೀಖು ಸೋಮವಾರ, ನಾಲ್ಕು ಮಹಡಿಯ ಕಟ್ಟಡದಲ್ಲಿ ಅಲ್ಲಿನ ಸಂಘದ ಕಾರ್ಯದರ್ಶಿಯವರು ಲಿಫ್ಟಿನ ಬಾಗಿಲು ಮುಚ್ಚದಂತೆ ಹೂಕುಂಡ ಅಡ್ಡ ಇಟ್ಟಿದ್ದನ್ನು ಕಂಡು ನನಗೂ ಅವರಿಗೂ ಜೋರು ಮಾತಾಯಿತು. ಎಚ್ಚರಿಕೆ ಗಂಟೆಯ ಬ್ಯಾಟರಿ ಸತ್ತಿದೆ, ಬದಲಾಯಿಸಿ ಎಂದೂ ಅಂದೇ ಹೇಳಿದೆ. ಮುಂದಿನ ತಿಂಗಳು ನೋಡೋಣ ಎಂದರು. ಆ ಸಿಟ್ಟಿನಿಂದಲೇ ನಾನು, 11ನೇ ತಾರೀಖು ಲಿಫ್ಟಿನಲ್ಲಿ ಸಿಕ್ಕಿಕೊಂಡ ಅವರ ತಾಯಿಯ ಕರೆ ಎತ್ತಲಿಲ್ಲ ಎಂದು ಅವರು ದೂರು ಕೊಟ್ಟಿದ್ದಾರೆ. ಸಿಟ್ಟಿದ್ದದ್ದು ನಿಜ. ಕರೆ ಎತ್ತಲಿಲ್ಲ ಎಂಬುದು ಸುಳ್ಳು. ಕರೆ ನನಗೆ ತಲುಪಲೇ ಇಲ್ಲ.

6ನೇ ತಾರೀಖು ಮಧ್ಯಾಹ್ನ 3.20ಕ್ಕೆ ಹಳೆಯ ಲಿಫ್ಟೊಂದರ ವೈರಿಂಗ್ ನಕ್ಷೆಯನ್ನು ಫೋನಿನಲ್ಲಿ ಹುಡುಕುತ್ತಿದ್ದೆ. ಇದ್ದಕ್ಕಿದ್ದಂತೆ ಪರದೆ ಕೆಂಪಾಗಿ, ಫೋನ್ ನಡುಗಿ, ಬೀಪ್ ಬೀಪ್ ಎಂದು ಕೂಗತೊಡಗಿತು. ಫೋನಿನಲ್ಲಿ 13 ವೈರಸ್‌ಗಳಿವೆ, ಭಾರ ಮಿತಿ ಮೀರಿದೆ, ಕೂಡಲೇ ಕಡಿಮೆ ಮಾಡಿ ಎಂದು ಬರೆದಿತ್ತು. ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರೋ ಏನೋ. ಲಿಫ್ಟಿನಲ್ಲಿ ಭಾರ ಹೆಚ್ಚಾಯಿತು ಎಂದು ಕೂಗಿದರೆ ಭಾರ ಹೆಚ್ಚಾಗಿದೆ ಎಂದೇ ಅರ್ಥ. ಒಳಗಿನವರು ವಾದ ಮಾಡಬಹುದು, ಆ ಸದ್ದು ನನಗೆ 22 ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳಿಲ್ಲ. ಹಾಗಾಗಿ ಯೋಚಿಸದೆ ಹಸಿರು ಗುಂಡಿ ಒತ್ತಿದೆ. ಫೋನ್ ಸ್ವಚ್ಛ ಮಾಡುವ ಆ್ಯಪ್ ಎಂದು ಒಂದು ಬಂತು. ಕರೆಗಳು, ಸಂದೇಶಗಳು, ಪರದೆ, ಎಲ್ಲಕ್ಕೂ ಅನುಮತಿ ಕೇಳಿತು. ಎಲ್ಲಕ್ಕೂ ಸರಿ ಸರಿ ಎಂದು ಒತ್ತಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವನು ನಾನೇ.

7ರಿಂದ 10ರವರೆಗೆ ಫೋನ್ ಜೇಬಿನಲ್ಲಿ ಸುಮ್ಮನಿದ್ದರೂ ಬಿಸಿಯಾಗುತ್ತಿತ್ತು. ಬೆಳಿಗ್ಗೆ ತುಂಬಿಸಿದ ಚಾರ್ಜು ಮಧ್ಯಾಹ್ನದ ಊಟದ ಹೊತ್ತಿಗೇ ಮುಗಿಯುತ್ತಿತ್ತು. ಏನನ್ನೂ ತೆರೆಯದಿದ್ದರೂ ಜಾಹೀರಾತುಗಳು ಬರುತ್ತಿದ್ದವು. ಒಂದನ್ನು ಮುಚ್ಚಿದರೆ ಎರಡು. ನಾನು ಲಿಫ್ಟಿಗೆ ಮಾಡುವಂತೆ ಆಫ್ ಮಾಡಿ ಆನ್ ಮಾಡಿದೆ, ನಾಲ್ಕು ದಿನದಲ್ಲಿ ಒಟ್ಟು ಹದಿನೇಳು ಸಲ. ಯಾರಿಗಾದರೂ ತೋರಿಸಿ ಎಂದು ಹೆಂಡತಿ ದಿನವೂ ಹೇಳಿದಳು. ಊರಿನ ಯಂತ್ರವನ್ನೆಲ್ಲ ರಿಪೇರಿ ಮಾಡುವವನಿಗೆ ಅಂಗೈಯಗಲದ ಇದೇನು ಮಹಾ ಎಂದು ನಾನು ಹಾರಾಡಿದೆ.

11ನೇ ತಾರೀಖು ಬೆಳಿಗ್ಗೆ 11.05ಕ್ಕೆ ಕರೆಂಟು ಹೋಯಿತು. ಕಾರ್ಯದರ್ಶಿಯವರ ತಾಯಿ, ವಯಸ್ಸು 71, ನಾವೆಲ್ಲ ಮೂರನೇ ಮಹಡಿ ಅಮ್ಮ ಎನ್ನುವವರು, ಎರಡು ಮತ್ತು ಮೂರನೇ ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಅವರಿಗೆ ಉಬ್ಬಸವಿದೆ. ಔಷಧಿ ಮನೆಯಲ್ಲಿತ್ತು. ಗಂಟೆ ಒತ್ತಿದರೆ ಸದ್ದಿಲ್ಲ. ನನ್ನ ನಂಬರಿಗೆ ಒಂಬತ್ತು ಸಲ ಕರೆ ಮಾಡಿದ್ದಾರೆ. ಆ ಹೊತ್ತಿನಲ್ಲಿ ನಾನು 600 ಮೀಟರ್ ದೂರದ ಕಟ್ಟಡದಲ್ಲಿದ್ದೆ. ಫೋನ್ ಎಡ ಜೇಬಿನಲ್ಲಿತ್ತು. ಎದೆಗೆ ಬಿಸಿ ತಾಗುತ್ತಿತ್ತು, ಸದ್ದು ಮಾತ್ರ ಬರಲಿಲ್ಲ.

ಕೊನೆಗೆ ಅವರು ಮಗನಿಗೆ ಫೋನ್ ಮಾಡಿ, ಮಗ ಕಾವಲುಗಾರನಿಗೆ ಮಾಡಿ, ಕಾವಲುಗಾರ ಓಡಿ ಬಂದು ನನ್ನನ್ನು ಕರೆದ. 11.57ಕ್ಕೆ ನಾನು ಕೈಯಿಂದ ಬಾಗಿಲು ಬಿಡಿಸಿದೆ. ಏಳು ನಿಮಿಷದ ಕೆಲಸಕ್ಕೆ 52 ನಿಮಿಷ ಹಿಡಿದಿತ್ತು. ಅಮ್ಮ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ನನ್ನನ್ನು ಬೈಯಲಿಲ್ಲ. ನನ್ನ ಜೇಬಿನಲ್ಲಿದ್ದ ಫೋನ್ ನೋಡಿದರು. ಅವರು ಎರಡು ದಿನ ಆಸ್ಪತ್ರೆಯಲ್ಲಿದ್ದರು.

12ರ ಬೆಳಿಗ್ಗೆ ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯ ಅಕ್ಕನಿಗೆ ಫೋನ್ ಕೊಟ್ಟೆ. ಆಕೆ ಅದನ್ನು ಸೇಫ್ ಮೋಡ್‌ನಲ್ಲಿ, ಅಂದರೆ ಹೊರಗಿನಿಂದ ಬಂದ ಆ್ಯಪ್ ಯಾವುದೂ ನಡೆಯದಂತೆ, ಶುರು ಮಾಡಿದರು. ಹೆಸರೂ ಚಿತ್ರವೂ ಇಲ್ಲದ ಒಂದು ಆ್ಯಪ್ ಅಡಗಿತ್ತು. ತೆಗೆಯಲು ಹೋದರೆ ಗುಂಡಿಯೇ ಒತ್ತಲಾಗುತ್ತಿರಲಿಲ್ಲ. ಫೋನಿನ ಯಜಮಾನಿಕೆಯನ್ನೇ ನಾನು ಅದಕ್ಕೆ ಬರೆದುಕೊಟ್ಟಿದ್ದೆನಂತೆ. ಮೊದಲು ಆ ಅನುಮತಿ ಕಿತ್ತು, ಆಮೇಲೆ ಆ್ಯಪನ್ನು ಕಿತ್ತರು. ತನ್ನ ಜಾಹೀರಾತಿಗೆ ಅಡ್ಡ ಬಾರದಂತೆ ಅದು ಕರೆಗಳ ಸದ್ದಡಗಿಸಿ, ಬಂದ ಗುರುತನ್ನೂ ಮರೆಮಾಡುತ್ತಿತ್ತು ಎಂದರು. ಕಾಯಲು ಹಾಕಿದ ಬೇಲಿಯೇ ಹೊಲ ಮೇಯ್ದಿತ್ತು. ವೆಬ್ ಪುಟ ನೋಡುವಾಗ ಎದ್ದು ಬರುವ ಎಚ್ಚರಿಕೆ ಬರೀ ಜಾಹೀರಾತು, ಒತ್ತಬಾರದು, ಆ್ಯಪನ್ನು ಫೋನಿನೊಳಗೇ ಇರುವ ಆ್ಯಪ್ ಸ್ಟೋರ್‌ನಿಂದ ಮಾತ್ರ ಹಾಕಿಕೊಳ್ಳಬೇಕು, ಸ್ವಚ್ಛ ಮಾಡುವವನಿಗೆ ನಿಮ್ಮ ಕರೆಗಳೇಕೆ ಬೇಕು ಎಂದು ಕೇಳಿಕೊಳ್ಳಬೇಕು ಎಂದೂ ಹೇಳಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಲ್ಲಕ್ಕೂ ತಲೆಯಾಡಿಸಿದೆ.

ಆಗಲೇ ಅಡಗಿದ್ದ ಒಂಬತ್ತು ಕರೆಗಳ ಗುರುತು ಪರದೆಯ ಮೇಲೆ ಬಂತು. ಜೊತೆಗೆ 11.31ಕ್ಕೆ ಅಮ್ಮ ಕಳಿಸಿದ ಧ್ವನಿ ಸಂದೇಶ. ಉಸಿರಿಗೆ ತಡವರಿಸುತ್ತ ಅವರು ಹೇಳಿರುವುದು ಇಷ್ಟು: “ಯಾಕಪ್ಪಾ, ಹುಷಾರಾಗಿದ್ದೀಯಾ? ಫೋನ್ ಎತ್ತದೇ ಇರೋನಲ್ಲ ನೀನು. ನಿಂಗೇನಾದ್ರೂ ಆಯ್ತೇನೋ ಅಂತ ಹೆದರಿಕೆ ಆಗ್ತಿದೆ.”

ಇದನ್ನು ಕೇಳಿ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ. ಅಂಗಡಿಯ ಅಕ್ಕ ಸಾಕ್ಷಿ. ಸಂಘದವರು ನನ್ನನ್ನು ಕೆಲಸದಿಂದ ತೆಗೆದರೆ ತೆಗೆಯಲಿ. ಬೇಕೆಂದೇ ಕರೆ ಎತ್ತಲಿಲ್ಲ ಎಂಬ ಮಾತನ್ನು ಮಾತ್ರ ನಾನು ಹೊರಲಾರೆ. ಫೋನ್ ಮತ್ತು ಅಕ್ಕ ಬರೆದುಕೊಟ್ಟ ಚೀಟಿಯನ್ನು ಒಪ್ಪಿಸಿದ್ದೇನೆ. ಸಿಮ್ ಅನ್ನು ಹೆಂಡತಿಯ ಹಳೆಯ ಬಟನ್ ಫೋನಿಗೆ ಹಾಕಿಕೊಂಡಿದ್ದೇನೆ. ಆ ಆ್ಯಪ್ ಮಾಡಿದವರನ್ನು ಹುಡುಕಿ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಅವರು ಸಿಗುವುದಿಲ್ಲ ಎಂದು, ಇದನ್ನು ಬರೆದುಕೊಳ್ಳುತ್ತಿರುವ ಪೊಲೀಸರ ಮುಖವೇ ಹೇಳುತ್ತಿದೆ. ಆದರೂ ಬರೆದುಕೊಳ್ಳಬೇಕು.

ಇಷ್ಟು ಬರೆಸುವಾಗ 12.50ಕ್ಕೆ ಫೋನ್ ಬಂತು. ಮೊದಲ ರಿಂಗಿಗೇ ಎತ್ತಿದೆ. ಮೂರನೇ ಮಹಡಿ ಅಮ್ಮ. “ಕೆಳಗೆ ಲಿಫ್ಟ್ ಮುಂದೆ ನಿಂತಿದ್ದೀನಿ ಕಣಪ್ಪ. ನೀನು ಎತ್ತುತ್ತೀಯಾ ಅಂತ ನೋಡ್ಕೊಂಡು ಹತ್ತೋಣ ಅಂತ.” ಫೋನ್ ಇಡಬೇಡಿ ಎಂದೆ. ಅವರು ಮೂರನೇ ಮಹಡಿಯಲ್ಲಿ ಇಳಿದ ಸದ್ದು ಕೇಳುವವರೆಗೆ, ಅಂದರೆ 38 ಸೆಕೆಂಡು, ಹೇಳಿಕೆ ನಿಲ್ಲಿಸಲಾಗಿತ್ತು. ಅದನ್ನೂ ದಾಖಲಿಸಲು ಕೋರಿದ್ದೇನೆ.

ಮೇಲೆ ಬರೆದುದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ. ನನ್ನ ದಡ್ಡತನದ ಭಾಗವೂ ಸೇರಿ ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಗುರುವಾರ
ಸಹಿ: ಲಿಫ್ಟಣ್ಣ
ಫೋನ್: ಲಿಫ್ಟಿನೊಳಗೆ ಬರೆದಿರುವ ನಂಬರೇ