ಆಲದ ಬುಡದಾಗ ಬ್ರೇಕ್ ಒತ್ತಿದವರು

ಆ ಲೈಟ್ ಆರಿಸ್ರಿ... ಇದು ಯಾರೋ ಹೇಳಿದ ಕತಿ ಅಲ್ಲ. ನಮ್ಮ ದೊಡ್ಡಪ್ಪನ ಮಗಳು ಅನಸೂಯಾಗ ಆಗಿದ್ದು. ಇದೇ ಬ್ಯಾಸಗಿಯೊಳಗ.

ಆಕಿ ಕಾಡಿನ ಸರ್ವೆ ಕೆಲಸದಾಕಿ. ಮೂವತ್ತು ವರ್ಷದ ಹಳೇ ಫೋರ್-ವೀಲ್ ಜೀಪು ಆಕೀದು. ಮರಾಠಿ ಸೀಮ್ಯಾಗ ಕನ್ಹಾನ್ ಅನ್ನೋ ಊರ ಹತ್ರ ಒಂದು ಹಾಳಬಾವಿ, ಬಾಜೂಕ ಆಲದ ಮರ, ಮುಂದ ರಸ್ತೆ ಉಬ್ಬು. ಅಲ್ಲಿ ಬ್ರೇಕ್ ಹಾಕಿದಾಗೆಲ್ಲ ಜೀಪು ಸರ್ರಂತ ಎಡಕ್ಕ, ಬಾವಿ ಕಡೆ ಎಳೀತಿತ್ತು. ಅವತ್ತು ರಾತ್ರಿ ಬಾವಿ ಕಟ್ಟಿಗೇ ಹೋಗಿ ನಿಂತಿತು. ಗಾಡಿ ಬಿಟ್ಟು ಕತ್ತಲಾಗ ನಡದ್ಲು... ಹಿಂದ, ಖಾಲಿ ಜೀಪಿನ್ಯಾಗ, ಸೀಟಿನ ಸ್ಪ್ರಿಂಗು 'ಕಿರ್ರ್' ಅಂತು. ಆಕಿ ತಿರುಗಿ ನೋಡಲಿಲ್ಲ.

ಮನ್ಯಾಗ ತಮ್ಮ ಸಿದ್ದೇಶ ಪಿಸುಗುಟ್ಟಿದ: "ಅಕ್ಕಾ, ಅಲ್ಲಿ ಒಬ್ಬ ಡ್ರೈವರ್ ಸತ್ತಾನಂತ. ಅಂವನೇ ಗಾಡಿ ಎಳೀತಾನ. ನಾಳೆ ಸಂಜಿಗೆ ಗುಜರಿಯವ್ರನ್ನ ಕರಸೀನಿ."

"ಗಾಡಿ ಹೋದ್ರ ನನ್ನ ಕೆಲಸಾನೂ ಹೋತು. ಸಂಜಿಯೊಳಗ ನಾನೇ ಹೊಡಕೊಂಡು ಬರ್ತೀನಿ," ಅಂದ್ಲು.

ಒಬ್ಬ ಮಿಸ್ತ್ರೀನೂ ಆ ಮರದ ಕೆಳಗ ಬರಾಕ ಒಪ್ಪಲಿಲ್ಲ. ಮಟಮಟ ಮಧ್ಯಾಹ್ನ ಒಬ್ಬಾಕೀನ ಹೋದ್ಲು. ಮೇ ತಿಂಗಳ ಬಿಸಿಲು... ಒಂದು ಕಾಗಿ ಸೈತ ಇಲ್ಲ. ಎಡಗಾಲಿ ಬಿಚ್ಚಿದ್ರ, ಬ್ರೇಕಿನ ರಬ್ಬರ್ ಪೈಪು ಮೈತುಂಬ ಬಿರುಕು. ಒಳಗ ಉಬ್ಬಿ ತೂತು ಮುಚ್ಚಿತ್ತು. ಪೆಡಲ್ ಬಿಟ್ರೂ ಬ್ರೇಕ್ ಎಣ್ಣಿ ವಾಪಸ್ ಹೋಗಂಗಿಲ್ಲ. ಆ ಗಾಲಿ ಹಿಡಕೊಂಡೇ ಇರತೈತಿ, ಗಾಡಿ ಎಡಕ್ಕ ಎಳೀತೈತಿ.

"ಇದೇನು ನಿಮ್ಮ ದೆವ್ವ!" ಅಂತ ಮರಕ್ಕ ಕೇಳಂಗ ನಕ್ಕು, ಸಂಗಡ ಒಯ್ದಿದ್ದ ಹೊಸ ಪೈಪು ಹಾಕಿದ್ಲು.

ಆಮ್ಯಾಲ ನೆನಪಾತು. ಪೈಪಿನ್ಯಾಗಿನ ಗಾಳಿ ತೆಗೀದಿದ್ರ ಬ್ರೇಕ್ ಹಿಡಿಯಂಗಿಲ್ಲ, ಅದನ್ನ ತೆಗಿಯಾಕ ಇಬ್ಬರು ಬೇಕು. ಒಬ್ಬರು ಮ್ಯಾಲ ಪೆಡಲ್ ಒತ್ತಿ ಹಿಡೀಬೇಕು, ಒಬ್ಬರು ಕೆಳಗ ನಟ್ ಸಡಿಲ ಮಾಡಬೇಕು. ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟು ಒಬ್ಬಾಕೀನ ಬಂದಿದ್ಲು.

ಗಾಡಿ ಕೆಳಗ ಮಲಗಿ ಯೋಚನಿ ಮಾಡ್ತಾಳ... ಮ್ಯಾಲ 'ಕಿರ್ರ್.' ಆಮ್ಯಾಲ ಪೆಡಲ್... 'ಟಕ್.' ಕೈಯಾಗಿನ ಪೈಪು ಬಿಗಿ ಆತು.

 ಓಡಿ ಹೋಗಬೇಕಿತ್ತು, ಅಲ್ಲ? ನೀವು ಓಡ್ತಿದ್ರಿ, ನಾನೂ ಓಡ್ತಿದ್ದೆ. ಆಕಿ ಅಂದ್ಲು, "ಇಷ್ಟು ದಿನ ಎಳದ್ಯಲ್ಲ? ಈಗ ಒತ್ತಿ ಹಿಡಿ!"

ಮ್ಯಾಲಿಂದ ಭಾಳ ಸಣ್ಣ ದನಿ... ಮರಾಠಿಯೊಳಗ... "ಧರಲಯ್." ಹಿಡದೀನಿ, ಅಂತ.

ನಟ್ ಸಡಿಲ ಮಾಡಿದ್ಲು. 'ಫುಸ್ಸ್...' ಬಿಗಿ ಮಾಡಿದ್ಲು. "ಬಿಡು." ಬಿಡ್ತು. "ಒತ್ತು." ಒತ್ತಿತು. ಹಿಂಗ ಹತ್ತು ಸಲ. ಎದ್ದು ನೋಡಿದ್ರ ಸೀಟು ಖಾಲಿ.

"ಚಲೋ ಆತು. ಇನ್ನ ನನ್ನ ಗಾಡಿಗೆ ಕೈ ಹಚ್ಚಿದ್ರ ನೋಡು ಮತ್ತ!" ಅಂದು ಲಕ್ಷ್ಮೀ ನಗರದ ಮನಿಗೆ ಹೊಡಕೊಂಡು ಬಂದ್ಲು. ಬಾಗಿಲದಾಗ ನಿಂತ ಗುಜರಿಯವ್ರ ಕಾಲಿಗೆ ಗೇಣು ದೂರ ಇದ್ದಾಗ ಬ್ರೇಕ್ ಹಾಕಿದ್ಲು. ಜೀಪು ನೆಟ್ಟಗ ನಿಂತಿತು. ಅವ್ರು ಚಾ ಸೈತ ಕುಡೀದ ಹೋದ್ರು.

ರಾತ್ರಿ ಬಾನೆಟ್ ತೆಗದಾಗ ಹೊಳೀತು. ಗಾಳಿ ತೆಗೀವಾಗ ಅದರ ಸಂಗಡ ಎಣ್ಣಿನೂ ಹೊರಗ ಹೋಗತೈತಿ, ಅದಕ್ಕ ಮ್ಯಾಲಿನ ಬ್ರೇಕ್ ಎಣ್ಣಿ ಡಬ್ಬಿಗೆ ಎಣ್ಣಿ ಹಾಕ್ತಾ ಇರಬೇಕು. ಈಕಿ ಹಾಕಿರಲಿಲ್ಲ. ಆದ್ರ ಡಬ್ಬಿ ಗೆರಿ ತನಕ ತುಂಬಿತ್ತು... ಈಕಿ ಒಯ್ದಿದ್ದ ಎಣ್ಣಿ ಬಾಟ್ಲಿ ಸೀಲ್ ಒಡದಿರಲಿಲ್ಲ. ನಾನ ಕೈಯಾಗ ಹಿಡದು ನೋಡೀನಿ. ಖರೇನ ಹೇಳಾಕತ್ತೀನಿ.